ನಗದೆ ಕುಳಿತ ಮೂರು ಸಾಲು

ಪೂನಮ್ ಆರನೇ ಇಯತ್ತೆಯಲ್ಲಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ: ಇನ್ನು ಮಗಳ ನಾಟಕ ನಡೆದಾಗ ಬಾಯಿ ತೆರೆಯುವುದಿಲ್ಲ, ಕುರ್ಚಿ ಬಿಟ್ಟು ಏಳುವುದಿಲ್ಲ.

ಆ ಸಲ ಅವಳದು ಸತ್ತ ರಾಣಿಯ ಪಾತ್ರ. ನಮ್ಮೂರು ಚಚಡಿಯಲ್ಲಿ ಪಾತ್ರ ಚೆಂದ ಮಾಡಿದವರಿಗೆ ನಾಟಕದ ನಡುವೆಯೇ ಸ್ಟೇಜ್ ಹತ್ತಿ ಉಡುಗೊರೆ ಕೊಡುವುದು, ಆಯೇರಿ ಮಾಡುವುದು, ರೂಢಿ. ನಾನೂ ಕುಬಸದ ಖಣ ಹಿಡಿದು ಹತ್ತಿದೆ. ಹೆಣ ಎದ್ದು ಕೂತು, ಕುಂಕುಮ ಹಚ್ಚಿಸಿಕೊಂಡು, ಖಣ ಇಸಿದುಕೊಂಡು, ನನ್ನ ಕಾಲಿಗೆ ಬಿದ್ದು, ಮತ್ತೆ ಮಲಗಿತು. ಕೂತ ಮಂದಿಯೆಲ್ಲ ನಕ್ಕರು. ಪೂನಮ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈಗ ಅವಳು ಬೈಲಹೊಂಗಲದ ಕಾಲೇಜಿನಲ್ಲಿ ಕಡೆಯ ವರ್ಷ. ತಾನೇ ಬರೆದ ನಾಟಕ, ತಾನೇ ಮುಖ್ಯ ಪಾತ್ರ. ಮುಂದೆ ಧಾರವಾಡಕ್ಕೆ ಹೋಗಿ ನಾಟಕವನ್ನೇ ಕಲಿಯುವ ಹಟ. ನನ್ನ ಗಂಡ ಭರಮಪ್ಪ ಒಪ್ಪಿರಲಿಲ್ಲ. ಕೊನೆಗೆ, ಬಂದ ಮಂದಿ ಮೆಚ್ಚಿದರೆ ಕಳಿಸುತ್ತೇನೆ, ಇಲ್ಲವಾದರೆ ಬಿ.ಎಡ್. ಎಂದು ತೀರ್ಮಾನ ಹೇಳಿದ್ದರು.

ಅದಕ್ಕೇ ಓಣಿಯ ಮಂದಿಯನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೊರಟೆ. ನಸುಕಿನಲ್ಲೆದ್ದು ಅಷ್ಟೂ ಮಂದಿಗೆ ರೊಟ್ಟಿ ಬಡಿದು ರಟ್ಟೆ ಬಿದ್ದುಹೋಗಿದ್ದರೂ ದಾರಿಯುದ್ದಕ್ಕೂ ಪಾಠ ಮಾಡಿದೆ. ಫೋನು ಬಂದ್. ಚುರುಮರಿ ಚೀಲ ಟೆಂಪೋದಲ್ಲೇ. ಆಯೇರಿ ಇಲ್ಲ, ಸಿಳ್ಳೆ ಇಲ್ಲ, ಮಾತಿಲ್ಲ, ನಗೆಯಂತೂ ಇಲ್ಲವೇ ಇಲ್ಲ. ಅತ್ತೆ ಕೆಂಚವ್ವ ಕೆಮ್ಮಬಹುದೇ ಎಂದು ಕೇಳಿದರು. ಪರದೆ ಬಿದ್ದ ಮೇಲೆ ಎಂದೆ.

"ನಾಟಕಕ್ಕ ಹೊಂಟೇವೋ, ಮಣ್ಣಿಗೆ ಹೊಂಟೇವೋ ವೈನಿ?" ಎಂದ ಮೈದುನ ಬೀರಪ್ಪ.

ನಾಟಕ ಎಂಥದ್ದೆಂದು ಪೂನಮ್ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪರದೆ ಎದ್ದಾಗ ನೋಡಿದರೆ ಅವಳು ಸವದತ್ತಿ ಬಸ್ಸಿನ ಕಂಡಕ್ಟರ್. ಕೋಳಿಗೆ ಟಿಕೆಟ್ ಹರಿಯಲು ಹೋಗಿ, ಹಾಗಾದರೆ ಕೋಳಿಗೆ ಕಿಟಕಿ ಪಕ್ಕದ ಸೀಟೇ ಬೇಕೆನ್ನುವ ಮಾಲೀಕನ ಕೈಗೆ ಸಿಕ್ಕಿಬಿದ್ದಿದ್ದಳು. ಮುಂದಿನ ಮೂರು ಸಾಲು ನಮ್ಮವೇ. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡಿದ್ದರು. ಬೀರಪ್ಪನ ಹೊಟ್ಟೆ ಕುಣಿಯುತ್ತಿತ್ತು, ಮುಖ ಮಾತ್ರ ನ್ಯಾಯ ಹೇಳಲು ಕೂತವನದು. ಹಿಂದೆ ಕೂತ ಕಾಲೇಜು ಹುಡುಗರು ನಮ್ಮನ್ನು ನೋಡಿ, ಇದು ನಗುವ ನಾಟಕವಲ್ಲವೇನೋ ಎಂದು ತೆಪ್ಪಗಾದರು.

ಪೂನಮ್ ಒಂದು ಮಾತು ಹೇಳಿ ನಗೆಗಾಗಿ ನಿಂತಳು. ಬರಲಿಲ್ಲ. ಇನ್ನೊಂದು ಹೇಳಿದಳು. ಮೂರನೆಯದಕ್ಕೆ ಅವಳ ದನಿ ಸಣ್ಣದಾಯಿತು. ಕೋಳಿಯವನು ಮಾತು ಮರೆತು ಕೋಳಿಯನ್ನೇ ನೋಡತೊಡಗಿದ.

ಭರಮಪ್ಪ ನನ್ನ ಕಡೆ ಬಾಗಿದರು. "ಮಂದಿಗೆ ಹಿಡಸವಲ್ತು. ನಾಳೆ ಬಿ.ಎಡ್. ಫಾರ್ಮ್ ತರತೇನಿ."

ಪೂನಮ್ ನಮ್ಮ ಸಾಲುಗಳತ್ತ ನೋಡಿದಳು. ಕಂಡಕ್ಟರ್ ಟೊಪ್ಪಿಗೆಯ ಕೆಳಗೆ ಕಣ್ಣು ತುಂಬಿದ್ದವು.

ನಾನು ಎದ್ದು ನಿಂತು ಹಿಂದೆ ತಿರುಗಿದೆ.

"ನಗ್ರಿ ಯವ್ವಾ, ನಗ್ರಿ ಯಪ್ಪಾ. ನಾ ತಪ್ಪ ಹೇಳೇನಿ. ನಗಿ ಬಂದ್ರ ನಗಬೇಕು."

ಅತ್ತೆಯ ಬಾಯಿಂದ ಸೆರಗು ಕಳಚಿತು. ಅಷ್ಟು ಹೊತ್ತು ತಡೆದದ್ದೆಲ್ಲ ಒಮ್ಮೆಲೇ ಹೊರಬಿತ್ತು. ಹಿಂದಿನ ಹುಡುಗರೂ ಕೂಡಿಕೊಂಡರು. ಬೀರಪ್ಪ ಒನ್ಸ್ ಮೋರ್ ಎಂದು ಕೂಗಿದ.

ಪೂನಮ್ ಟೊಪ್ಪಿಗೆ ಸರಿಮಾಡಿಕೊಂಡು ಅವನ ಕಡೆ ತಿರುಗಿದಳು. "ಟಿಕೆಟ್ ತಗೊಳ್ಳದವ್ರು ಮಾತಾಡಬ್ಯಾಡ್ರಿ ಕಾಕಾ," ಎಂದು ಸೀಟಿ ಊದಿ, ಬಸ್ಸನ್ನು ಮೊದಲಿನಿಂದ ಹೊರಡಿಸಿದಳು. ಭರಮಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಮುಂದಿನ ತಿಂಗಳು ಅವಳು ಧಾರವಾಡಕ್ಕೆ ಹೋಗುತ್ತಾಳೆ. ನಾನು ಕೊಟ್ಟಿದ್ದ ಮಾತು ಮುರಿಯಿತು.