ಬಿದ್ದವರ ಸೆಟ್ಟು

ಕೊಟ್ರಬಸಪ್ಪ ತೋರುಬೆರಳಿನಿಂದ ಮೆಲ್ಲಗೆ ತಟ್ಟಿದ. ಬುತ್ತಿಗಂಟು ಹಿಡಿದು ನಿಂತಿದ್ದ ಹೆಂಗಸು ರಸ್ತೆಗೆ ಅಡ್ಡಲಾಗಿ ಬಿದ್ದಳು. ಅವಳ ಹಿಂದೆ ಸೈಕಲ್ಲಿಗೆ ಒರಗಿ ನಿಂತಿದ್ದವನು, ಅವನ ಪಕ್ಕದ ಸೊಪ್ಪಿನ ಬುಟ್ಟಿಯವಳು, ಇಬ್ಬರೂ ಅದೇ ಬೆರಳಿಗೆ ಉರುಳಿದರು. ದಾಳ ಐದು ತೋರಿಸುತ್ತಿತ್ತು. ಇನ್ನೂ ಇಬ್ಬರು ಬೀಳಬೇಕಿತ್ತು. ಆತ ಕೈಯಲ್ಲಿದ್ದ ಮೆಣಸಿನಕಾಯಿ ಬಜ್ಜಿಯ ಕೊನೆಯ ತುಂಡನ್ನು ಬಾಯಿಗಿಟ್ಟುಕೊಂಡು, ಎಣ್ಣೆ ಹತ್ತಿದ ಬೆರಳನ್ನೇ ಮತ್ತೆ ಮುಂದಕ್ಕೆ ಚಾಚಿದ.

ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಹಿರಿಯಣ್ಣ ಒಂದು ಹೆಜ್ಜೆ ಮುಂದೆ ಬಂದ. ಬುತ್ತಿಗಂಟಿನ ಆ ಹೆಂಗಸು ಅವನ ಹೆಂಡತಿ ದುರ್ಗಮ್ಮ. ಬೆರಳಿನ ಎರಡು ಗೆಣ್ಣಿನಷ್ಟು ಎತ್ತರದ ಸೀಸದ ಗೊಂಬೆ ಅದು, ನಿಜ. ಆದರೆ ಎಡಗಡೆಗೆ ತುಸು ವಾಲಿ ನಿಲ್ಲುವ ಅವಳ ನಿಲುವು, ಗಂಟನ್ನು ಸೊಂಟಕ್ಕೆ ಒತ್ತಿಕೊಳ್ಳುವ ರೀತಿ, ಹಸಿರು ಸೀರೆಯ ಸವೆದ ಅಂಚು, ಎಲ್ಲವೂ ಅವಳದೇ. ಇದು ಆ ಕೋಣೆಯಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಿತ್ತು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಟ್ರಬಸಪ್ಪನ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಪ್ರತಿ ಭಾನುವಾರ ಯುದ್ಧ ನಡೆಯುತ್ತಿತ್ತು. ಹಳೆಯ ಟೇಬಲ್ ಟೆನಿಸ್ ಮೇಜಿನ ಮೇಲೆ ಮರದ ಪುಡಿಯ ಗುಡ್ಡ, ಬಣ್ಣ ಬಳಿದ ನದಿ, ಸಿಗರೇಟು ಪ್ಯಾಕಿನ ಮನೆಗಳು. ಸಿಂಗಾಪುರಕ್ಕೆ ವ್ಯಾಪಾರಕ್ಕೆ ಹೋಗಿದ್ದಾಗ ಕೊಟ್ರಬಸಪ್ಪ ಈ ಆಟದ ಹುಚ್ಚು ಹತ್ತಿಸಿಕೊಂಡು ಬಂದಿದ್ದ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಪಾಠ ಮಾಡುವ ಜ್ಞಾನೇಶ್ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿದ ನಿಯಮಗಳನ್ನು ಫೈಲಿನಲ್ಲಿಟ್ಟುಕೊಂಡು ಬರುತ್ತಿದ್ದ. ಮೂರನೆಯವನು ಬ್ಯಾಂಕಿನಿಂದ ನಿವೃತ್ತನಾದ ನರಸಿಂಹಮೂರ್ತಿ. ಅಳತೆಪಟ್ಟಿ ಹಿಡಿದು ಸೈನ್ಯ ಎಷ್ಟು ಮುಂದೆ ಸರಿಯಬೇಕೆಂದು ಅಳೆಯುವುದು, ದಾಳ ಹಾಕಿ ಎಷ್ಟು ಜನ ಸತ್ತರೆಂದು ನೋಡುವುದು, ಇಷ್ಟೇ ಆಟ.

ಹಿರಿಯಣ್ಣ ಭದ್ರಾವತಿಯ ಕಾರ್ಖಾನೆಯೊಂದರ ಪ್ಯಾಟ್ರನ್ ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. ಎರಕ ಹೊಯ್ಯುವುದಕ್ಕೆ ಮೊದಲು ಆ ವಸ್ತುವಿನ ನಮೂನೆಯನ್ನು ಮರದಲ್ಲಿ ಕೆತ್ತಿಕೊಡುವ ಕೆಲಸ. ವಿಭಾಗ ಮುಚ್ಚಿ ಮನೆಗೆ ಕಳಿಸಿದ ಮೇಲೆ ಒಂದು ವರ್ಷ ಬಾಗಿಲು, ಕಿಟಕಿ ಎಂದು ಅಲೆದ. ಪ್ಲೈವುಡ್ಡಿಗೆ ಮೊಳೆ ಹೊಡೆಯುವಾಗ ಅವನಿಗೆ ತನ್ನ ಕೈಯೇ ತನಗೆ ಬೇಡವಾದಂತಾಗುತ್ತಿತ್ತು. ಕಪಾಟು ಮಾಡಲು ಈ ಅಂಗಡಿಗೆ ಬಂದಿದ್ದಾಗ ಮುರಿದು ಬಿದ್ದಿದ್ದ ಪ್ಲಾಸ್ಟಿಕ್ ಟ್ಯಾಂಕೊಂದನ್ನು ನೋಡಿ, ಊಟದ ಹೊತ್ತಿನಲ್ಲಿ ಅದರ ಗಾಲಿಗಳನ್ನು ಮರದಲ್ಲಿ ಕೆತ್ತಿ ಕೂರಿಸಿದ್ದ. ಅಲ್ಲಿಂದ ಶುರುವಾಯಿತು. ಹಾಲೆ ಮರದಲ್ಲಿ ನಮೂನೆ ಕೆತ್ತಿ, ಪ್ಲಾಸ್ಟರಿನಲ್ಲಿ ಎರಡು ಹೋಳಿನ ಅಚ್ಚು ತೆಗೆದು, ಸೀಮೆಣ್ಣೆ ಸ್ಟೌ ಮೇಲೆ ಸೀಸ, ತವರ ಕರಗಿಸಿ ಹೊಯ್ಯುತ್ತಿದ್ದ. ಗುಂಡುಸೂಜಿಯ ತಲೆಯಿಂದ ಜೀಪಿಗೆ ದೀಪ ಮಾಡಿದ. ಮೂರೇ ಎಳೆಯ ಕುಂಚದಿಂದ ಸಿಪಾಯಿಗಳ ಅಂಗಿಗೆ ಎಲೆಬಣ್ಣದ ಮಚ್ಚೆ ಬರೆದ. ಎರಡು ವರ್ಷದಿಂದ ಅವನಿಗೆ ಇದೇ ಕೆಲಸ. ಕಾರ್ಖಾನೆಯ ನಂತರ ಅವನನ್ನು ಮೇಸ್ತ್ರಿ ಎಂದು ಕರೆದವರು ಈ ಮೂವರೇ.

ಕಾರ್ಗಿಲ್ಲಿನ ಗುಡ್ಡ ಹತ್ತಿ ಇಳಿದು, ಮರುಭೂಮಿಯ ಯುದ್ಧವೂ ಸಾಕಾದ ಮೇಲೆ ಅವರಿಗೆ ಊರೊಳಗಿನ ಕಾಳಗ ಬೇಕಾಯಿತು. ಕಾರ್ಖಾನೆಯ ಗೇಟು, ಕಾರ್ಮಿಕರ ಮನೆಗಳು, ಇಪ್ಪತ್ತು ಜನ. ನಮ್ಮ ಕಡೆಯವರ ಹಾಗೆಯೇ ಇರಲಿ ಎಂದು ಹೇಳಿದ್ದರು. ಹಿರಿಯಣ್ಣ ಕಣ್ಣೆದುರು ವಸ್ತುವಿಲ್ಲದೆ ಉಳಿ ಹಿಡಿದವನಲ್ಲ. ಕಾರ್ಖಾನೆಯಲ್ಲಿ ನಕ್ಷೆಯೋ ಮುರಿದ ಭಾಗವೋ ಎದುರಿಗಿರದಿದ್ದರೆ ಅಲ್ಲಿ ಯಾರೂ ಕೆತ್ತುತ್ತಿರಲಿಲ್ಲ. ಟ್ಯಾಂಕಿಗೆ ಜ್ಞಾನೇಶ್ ಫೋಟೋ ಕೊಟ್ಟಿದ್ದ; ಜನಕ್ಕೆ ಯಾರೂ ಫೋಟೋ ಕೊಡಲಿಲ್ಲ. ಹಾಗಾಗಿ ಹೊಸ್ತಿಲ ಮೇಲೆ ಕುಳಿತು ಕಂಡವರನ್ನೇ ಕೆತ್ತಿದ. ಜೊತೆಗೆ ಕೆಲಸ ಮಾಡಿದ ಕುಂಟ ಪುಟ್ಟಪ್ಪ ಮತ್ತು ಅವನ ಸೈಕಲ್ಲು, ಸೊಪ್ಪಿನ ಕಾಶಮ್ಮ, ಎದುರುಮನೆಯ ಜಗದಾಂಬಾ, ತನ್ನ ಹೆಂಡತಿ. ಸೈನ್ಯ ಹಾದುಹೋಗುವಾಗ ನಿಂತು ನೋಡುವ ಜನ ಇರಬೇಕು ಎಂದುಕೊಂಡಿದ್ದ. ಅವರ ಮೇಲೆ ದಾಳ ಬೀಳುತ್ತದೆಂದು ಗೊತ್ತಾದದ್ದು ಈಗ.

"ಇವ್ರು ಕಂಬ ಬಿದ್ದಂಗೆ ಬೀಳ್ತಾರೆ ಮೇಸ್ತ್ರಿ, ನೋಡೋಕೆ ಚೆನ್ನಾಗಿಲ್ಲ," ಎಂದ ಜ್ಞಾನೇಶ್, ದುರ್ಗಮ್ಮನನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸುತ್ತ. "ಈ ಇಪ್ಪತ್ತು ಜನದ್ದೂ ಇನ್ನೊಂದು ಸೆಟ್ ಮಾಡ್ಬೇಕು. ಬಿದ್ದಿರೋದು. ಇದೇ ಮುಖ, ಇದೇ ಸೀರೆ. ಯಾರು ಬಿದ್ರು ಅಂತ ಗುರ್ತು ಸಿಗ್ಬೇಕು."

ಬಿದ್ದವರನ್ನು ತೆಗೆದಿಟ್ಟರೆ ಸಾಲದೇ ಎಂದು ಹಿರಿಯಣ್ಣ ಕೇಳಿದ. ಸಾಲದಂತೆ. ಬಿದ್ದವರು ಬಿದ್ದಲ್ಲೇ ಇರಬೇಕು, ಅವರಿದ್ದ ಕಡೆ ಟ್ರಕ್ಕು ಅರ್ಧ ವೇಗದಲ್ಲಿ ಹೋಗಬೇಕು, ಹಾಗೆಂದು ನಿಯಮ. ನರಸಿಂಹಮೂರ್ತಿಗೆ ಈ ನಿಯಮವೇ ಒಪ್ಪಿಗೆಯಿರಲಿಲ್ಲ. ಟ್ರಕ್ಕಿಗೇನು, ಹತ್ತಿಸಿಕೊಂಡು ಹೋಗುತ್ತದೆ, ವೇಗ ಏಕೆ ಕಡಿಮೆಯಾಗಬೇಕು ಎಂದು ಮಂಡಕ್ಕಿ ಮುಕ್ಕುತ್ತ ವಾದಿಸಿದ. ಸ್ವಲ್ಪ ಹೊತ್ತು ಮಾತಾಡಿಕೊಂಡು ಟ್ರಕ್ಕಿಗೆ ಅರ್ಧ ವೇಗ, ಟ್ಯಾಂಕಿಗೆ ಪೂರ್ತಿ ವೇಗ ಎಂದು ಒಪ್ಪಂದಕ್ಕೆ ಬಂದರು. ಒಳ್ಳೆಯ ಜನ. ಹಿರಿಯಣ್ಣನಿಗೂ ಒಂದು ತಟ್ಟೆ ಬಜ್ಜಿ ತರಿಸಿದ್ದರು. ಅವನು ಅದನ್ನು ಮುಟ್ಟಲಿಲ್ಲ. ಆದರೆ ಆಗುವುದಿಲ್ಲ ಎಂದು ಹೇಳಲೂ ಇಲ್ಲ. ಹೇಳಿದರೆ ನಾಳೆಯಿಂದ ಮತ್ತೆ ಪ್ಲೈವುಡ್ಡು. ನೋಡ್ತೀನಿ ಎಂದು ಹೇಳಿ ಮೆಟ್ಟಿಲಿಳಿದ.

ಎರಡು ದಿನ ಅವನು ಬರಿಯ ನೆನಪಿನಿಂದಲೇ ಕೆತ್ತಲು ನೋಡಿದ. ನಿಂತವರನ್ನೇ ಅಡ್ಡ ಮಲಗಿಸಿದಂತೆ, ಸೌದೆಯ ತುಂಡಿನಂತೆ ಬಂತು. ಬುಧವಾರ ಮಧ್ಯಾಹ್ನ ದುರ್ಗಮ್ಮ ಅಂಗನವಾಡಿಯ ಅಡುಗೆ ಮುಗಿಸಿ ಬಂದು ಕಾಲು ತೊಳೆದುಕೊಂಡು ಒಳಗೆ ಬಂದಳು. ಅವಳ ಸೆರಗಿನಿಂದ ಬೇಳೆಯ ವಾಸನೆ ಬರುತ್ತಿತ್ತು. ಹಿರಿಯಣ್ಣ ಅವಳ ಮುಖ ನೋಡದೆ, ಸ್ವಲ್ಪ ನೆಲದ ಮೇಲೆ ಮಲಗು ಎಂದ. ಕೆಲಸಕ್ಕೆ ಬೇಕು, ಸುಮ್ಮನೆ ಒಂದು ಮಗ್ಗುಲಾಗಿ.

"ಮಲಗೋದೂ ಒಂದು ಕೆಲ್ಸ ಆಯ್ತಾ? ಹಂಗಾದ್ರೆ ದಿನಾ ಕೊಡ್ರಿ ಇಂಥ ಕೆಲ್ಸನ," ಎಂದು ಅವಳು ನಕ್ಕಳು. ಸೀರೆಯನ್ನು ಹಿಮ್ಮಡಿಯವರೆಗೆ ಎಳೆದುಕೊಂಡು ಮಲಗಿದಳು. "ಹಿಂಗಾ?"

"ಕೈ ಸಡ್ಲ ಬಿಡು. ಇನ್ನೂ. ಬಿದ್ದಿರೋ ಥರ."

"ಮಲಗಿರೋದಾ, ಬಿದ್ದಿರೋದಾ? ಸರಿಯಾಗಿ ಹೇಳ್ರಿ."

ಅವನು ಉಳಿ, ಮರದ ತುಂಡು ಕೈಗೆತ್ತಿಕೊಂಡ. ಉಳಿ ತಾನಾಗಿ ಓಡತೊಡಗಿತು. ನೆಲಕ್ಕೆ ಒತ್ತಿ ಚಪ್ಪಟೆಯಾದ ಕೆನ್ನೆ, ಮೇಲೆದ್ದು ನಿಂತ ಭುಜ, ಮಂಡಿಯ ಹಿಂದೆ ಸಿಕ್ಕಿಕೊಂಡ ನೆರಿಗೆ. ಮರ ಬೆಣ್ಣೆಯಂತೆ ಬಿಟ್ಟುಕೊಡುತ್ತಿತ್ತು. ಒಂದೇ ತೊಡಕು, ಅವಳ ಮೇಲಿನ ತೋಳು. ತೋಳಿಗೂ ಸೊಂಟಕ್ಕೂ ನಡುವೆ ಸಂದು ಇದ್ದರೆ ಅಚ್ಚು ಕಚ್ಚಿಕೊಳ್ಳುತ್ತದೆ, ಗೊಂಬೆ ಬಿಡಿಸಿ ಬರುವುದಿಲ್ಲ. ಹಿರಿಯಣ್ಣ ಉಳಿಯನ್ನು ಕೆಳಗಿಟ್ಟು, ಬಗ್ಗಿ, ಅವಳ ಮಣಿಕಟ್ಟು ಹಿಡಿದು ತೋಳನ್ನು ಮೈಗೆ ಒತ್ತಿದ. ಅವನು ಹೇಳಿದಂತೆಯೇ ಅವಳು ಕೈಯನ್ನು ಪೂರ್ತಿ ಸಡಿಲ ಬಿಟ್ಟಿದ್ದಳು. ಅದು ತನ್ನದೇ ಭಾರಕ್ಕೆ ಜೋತುಬಿತ್ತು. ಬಳೆಗಳು ಕೆಳಕ್ಕೆ ಜಾರಿ ನೆಲಕ್ಕೆ ತಾಗಿದವು. ಅವನು ಇನ್ನೊಂದು ಸಲ ಒತ್ತಿ, ಸಂದು ಮುಚ್ಚಿತೇ ಎಂದು ಕಣ್ಣು ಕಿರಿದು ಮಾಡಿ ನೋಡಿದ.

ಆಮೇಲೆ ಅವನಿಗೆ ತನ್ನ ಕೈ ಎಲ್ಲಿದೆ ಎಂಬುದು ಕಾಣಿಸಿತು. ಅವಳ ಮಣಿಕಟ್ಟು ಬಿಟ್ಟು ಎದ್ದ. ಹಿತ್ತಿಲಿಗೆ ಹೋಗಿ ಬಟ್ಟೆ ಸೋಪು ಹಾಕಿ ಮೊಣಕೈವರೆಗೆ ಉಜ್ಜಿದ. ಸೀಸದ ವಾಸನೆ ಉಗುರಿನ ಸಂದಿಯಿಂದ ಹೋಗಲಿಲ್ಲ. ಮತ್ತೆ ಉಜ್ಜಿದ. ಒಳಗಿಂದ ದುರ್ಗಮ್ಮ, ಮುಗೀತಾ, ಏಳಲಾ ಎಂದು ಕೂಗುತ್ತಿದ್ದಳು. ಅವನು ಬಂದು ಆ ಮರದ ತುಂಡನ್ನು ತೆಗೆದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದ.

"ಯಾಕ್ರೀ, ಚೆನ್ನಾಗಿ ಬರ್ಲಿಲ್ವಾ?"

"ಚೆನ್ನಾಗೇ ಬಂದಿತ್ತು," ಎಂದ. ಇಷ್ಟು ಚೆನ್ನಾಗಿ ಅವನು ಯಾವತ್ತೂ ಕೆತ್ತಿರಲಿಲ್ಲ.

ಭಾನುವಾರ ಅವನು ಬರಿಗೈಯಲ್ಲಿ ಶಿವಮೊಗ್ಗಕ್ಕೆ ಹೋದ. ಮೇಜಿನ ಮೇಲೆ ಆಗಲೇ ಜನ ಗೇಟಿನ ಮುಂದೆ ನಿಂತಿದ್ದರು. ಹೊಸ ಸೆಟ್ಟು ಎಲ್ಲಿ ಎಂದು ಕೊಟ್ರಬಸಪ್ಪ ಕೇಳಿದ. ಹಿರಿಯಣ್ಣ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ನೆಪಗಳನ್ನೆಲ್ಲ ಬಿಟ್ಟು, ಇದ್ದದ್ದನ್ನೇ ಹೇಳಿದ.

"ಆಗಲ್ಲ ಸಾಹುಕಾರ್ರೆ. ಆ ಹಸಿರು ಸೀರೆದು ನನ್ನ ಹೆಂಡ್ತಿ. ಸೈಕಲ್ಲಿನೋನು ನಮ್ಮ ಪುಟ್ಟಪ್ಪ. ಎಲ್ರೂ ನಮ್ಮ ಬೀದಿಯೋರು."

ಕೊಟ್ರಬಸಪ್ಪ ತೊಡೆ ತಟ್ಟಿಕೊಂಡು ನಕ್ಕ. ಜ್ಞಾನೇಶ್ ದುರ್ಗಮ್ಮನನ್ನು ಎತ್ತಿ ಕನ್ನಡಕ ಸರಿಸಿ ಹೊಸದಾಗಿ ನೋಡಿದ. ನರಸಿಂಹಮೂರ್ತಿಯೂ ಕೈ ಚಾಚಿ ಇಸಿದುಕೊಂಡು ನೋಡಿದ. ಗೊಂಬೆ ಮೂರು ಕೈ ದಾಟಿತು.

"ಅಯ್ಯೋ ಮಾರಾಯ, ಮೊದ್ಲೇ ಹೇಳ್ಬಾರ್ದಾ?" ಎಂದ ಕೊಟ್ರಬಸಪ್ಪ, ನಿಜವಾದ ಕಕ್ಕುಲಾತಿಯಿಂದ. "ಇನ್ಮೇಲೆ ನಿನ್ನ ಮನೆಯೋರನ್ನ ಯಾರೂ ಮುಟ್ಟಲ್ಲ, ಹೋಗು. ಅವ್ರ ಮೇಲೆ ದಾಳ ಬಿದ್ರೆ ಪಕ್ಕದೋರನ್ನ ತೆಗೀತೀವಿ."

ಜ್ಞಾನೇಶ್ ಜೇಬಿನಿಂದ ಪೆನ್ನು ತೆಗೆದು ನಿಯಮದ ಹಾಳೆಯ ಅಂಚಿನಲ್ಲಿ ಅದನ್ನು ಬರೆದುಕೊಂಡ. ದಾಳ ಉರುಳಿತು. ಕೊಟ್ರಬಸಪ್ಪನ ಬೆರಳು ದುರ್ಗಮ್ಮನ ಬಳಿ ಬಂದು, ಗೌರವದಿಂದ ಅವಳನ್ನು ಬಳಸಿ ಹೋಗಿ, ಪುಟ್ಟಪ್ಪನನ್ನು ತಟ್ಟಿತು. ಸೈಕಲ್ಲಿನ ಸಮೇತ ಅವನು ಬೋರಲಾಗಿ ಬಿದ್ದ. ಕೊಟ್ರಬಸಪ್ಪ ತಲೆಯೆತ್ತಿ, ಈಗ ಸರಿಯಾಯಿತಲ್ಲ ಎನ್ನುವಂತೆ ಹಿರಿಯಣ್ಣನನ್ನು ನೋಡಿ ಮುಗುಳ್ನಕ್ಕ.

ಗೊಂಬೆಗಳನ್ನು ವಾಪಸು ಕೊಡಿ ಎಂದು ಹಿರಿಯಣ್ಣ ಕೇಳಿದ. ಅದು ಹೇಗಾಗುತ್ತದೆ, ಆಟ ನಡೆಯುತ್ತಿದೆಯಲ್ಲ ಎಂದು ನರಸಿಂಹಮೂರ್ತಿ ಅಳತೆಪಟ್ಟಿ ಬಿಚ್ಚುತ್ತ ಹೇಳಿದ. ಅದರಲ್ಲಿ ಕೋಪವೇನೂ ಇರಲಿಲ್ಲ.

"ಹಂಗಾದ್ರೆ ಇಟ್ಕೊಳಿ," ಎಂದ ಹಿರಿಯಣ್ಣ. "ನಾನಿನ್ನು ಬರಲ್ಲ."

ಬಸ್ಸಿನಲ್ಲಿ ಮೂರು ಜನರ ಸೀಟಿನ ಅಂಚಿನಲ್ಲಿ ಜಾಗ ಸಿಕ್ಕಿತು. ಅವನು ಕಿಟಕಿಯ ಕಡೆಗೆ ಮಾತ್ರ ನೋಡಬೇಕೆಂದುಕೊಂಡ. ಆದರೆ ಕಣ್ಣು ಮಾತು ಕೇಳಲಿಲ್ಲ. ಕಂಬಿಗೆ ಜೋತುಬಿದ್ದು ನಿಂತವರ ಕಂಕುಳ ಸಂದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡವಳ ಬಗ್ಗಿದ ಕತ್ತು, ಯಾರನ್ನು ನೋಡಿದರೂ ಎಲ್ಲಿ ಸೀಳಿದರೆ ಅಚ್ಚಿನ ಎರಡು ಹೋಳು ಸರಿಯಾಗಿ ಕೂರುತ್ತವೆ ಎಂದು ಅದು ಅಳೆಯುತ್ತಲೇ ಇತ್ತು. ಬಿದ್ದರೆ ಇವನು ಹೇಗೆ ಬಿದ್ದಾನು, ಇವಳ ಕೈ ಯಾವ ಕಡೆಗೆ ಹೋದೀತು. ಅವನು ಕಣ್ಣು ಮುಚ್ಚಿಕೊಂಡ.

ಊರು ದಾಟುತ್ತಲೇ ಪಕ್ಕದಲ್ಲಿದ್ದ ಹಮಾಲ ತೂಕಡಿಸಿ ಅವನ ಹೆಗಲ ಮೇಲೆ ಒರಗಿದ. ಬೆವರು, ಕೊಬ್ಬರಿ ಎಣ್ಣೆ, ಹೊಗೆಸೊಪ್ಪು ಎಲ್ಲ ಸೇರಿದ ವಾಸನೆ. ಅರೆ ತೆರೆದ ಬಾಯಿಂದ ಜೊಲ್ಲು ಇಳಿದು ಹಿರಿಯಣ್ಣನ ಅಂಗಿಯ ತೋಳು ಬೆಚ್ಚಗೆ ಒದ್ದೆಯಾಯಿತು. ಟಿಕೆಟು ಕೊಡಲು ಬಂದ ಕಂಡಕ್ಟರು, ತಳ್ಳಿ ಎಬ್ಬಿಸಿ, ಇಲ್ಲಾಂದ್ರೆ ಭದ್ರಾವತಿವರೆಗೂ ಹಿಂಗೇ ಎಂದ. ಹಿರಿಯಣ್ಣ ಅವನಿಗೆ ಸನ್ನೆಯಲ್ಲೇ ಬೇಡ ಎಂದ. ಬಸ್ಸು ತಿರುವಿನಲ್ಲಿ ಎತ್ತಿಹಾಕಿದಾಗ ಆ ತಲೆ ಕೆಳಕ್ಕೆ ಜಾರಿತು. ಅವನು ಇನ್ನೊಂದು ಕೈಯಿಂದ ಅದನ್ನು ಹಿಡಿದು, ಮತ್ತೆ ಹೆಗಲ ಮೇಲಿಟ್ಟುಕೊಂಡು ನೆಟ್ಟಗೆ ಕುಳಿತ.