ಕೊನೆಯ ಹನ್ನೊಂದು ನಿಮಿಷ

"ಮುಂದಿನೋರು ಎತ್ತಿ, ಹಿಂದಿನೋರು ತಗ್ಗಿಸಿ. ಇನ್ನೂ ಸ್ವಲ್ಪ. ಹಾಂ, ಈಗ ಎಡಕ್ಕೆ ತಿರುಗಿಸಿ," ಎಂದು ಲಿಫ್ಟ್ ಮಾಮ ಮೇಲಿನ ಮೆಟ್ಟಿಲಲ್ಲಿ ನಿಂತು ಹೇಳುತ್ತಿದ್ದರು. ಮೂರನೇ ಮಹಡಿಯ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತವರು ಆರು ಜನ, ಆರೂ ಜನ ನರ್ತಕರು. ಒಬ್ಬರನ್ನೊಬ್ಬರು ಗಾಳಿಯಲ್ಲಿ ಎತ್ತಿ ತಿರುಗಿಸುವುದೇ ಅವರ ಹೊಟ್ಟೆಪಾಡು. ಆದರೂ ಈ ಭಾರ ಅವರ ಕೈಗೆ ಬಗ್ಗುತ್ತಿರಲಿಲ್ಲ. ಎಲ್ಲರಿಗಿಂತ ಎತ್ತರದವನು, ತಂಡದಲ್ಲಿ 'ಒಂಟೆ' ಎಂದೇ ಹೆಸರಾದವನು, ಮೆಲ್ಲಗೆ ಎಣಿಸಲು ಶುರುಮಾಡಿದ. ಎಂಟಕ್ಕೆ ಬರುವಷ್ಟರಲ್ಲಿ ಆರು ಜೊತೆ ಕಾಲುಗಳು ಒಂದೇ ಹೆಜ್ಜೆಗೆ ಬಿದ್ದವು. ಪೆಟ್ಟಿಗೆ ಗೋಡೆಗೆ ತಾಗದೆ ತಿರುಗಿತು.

"ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದೋರು ನೀವು ಭಾವ. ಕೊನೆಗೆ ನಮ್ಮಕ್ಕನಿಗೆ ಮೆಟ್ಟಿಲೇ ಗತಿಯಾಯ್ತು," ಎಂದು ಹಿಂದೆ ಏದುಸಿರು ಬಿಡುತ್ತ ಹತ್ತುತ್ತಿದ್ದ ನಾದಿನಿ ಹೇಳಿದಳು.

"ಲಿಫ್ಟಲ್ಲಿ ನಿಂತ್ಕೊಂಡು ಹೋಗೋರಿಗೆ ಮಾತ್ರ ಜಾಗ ಇದೆ ಕಣಮ್ಮ," ಎಂದರು ಲಿಫ್ಟ್ ಮಾಮ. ಹೇಳಿದ ಮೇಲೆ ಅವರಿಗೇ ಒಂದು ಥರ ಆಗಿ, ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡರು.

ನಾಲ್ಕನೇ ಮಹಡಿಯಲ್ಲಿ ತಾಲೀಮಿನ ಹಾಲ್. ಹಿಂದೆ ಅದು ಬಟ್ಟೆ ಗೋದಾಮಾಗಿತ್ತು. ಒಂದು ಗೋಡೆ ತುಂಬ ಕನ್ನಡಿ, ಮೂಲೆಯಲ್ಲಿ ಪಿಯಾನೋ. ಮರದ ನೆಲ ನಡುವೆ ಸವೆದು ಬಿಳಿಚಿಕೊಂಡಿತ್ತು. ಲಿಫ್ಟ್ ಮಾಮನ ಹೆಂಡತಿ ತಂಡದವರಿಗೆಲ್ಲ 'ಮೇಡಂ'; ಮಸಣಕ್ಕೆ ಒಯ್ಯುವ ಮುನ್ನ ಒಂದು ಗಂಟೆ ಮೇಡಂ ಇಲ್ಲಿರಬೇಕು ಎಂದು ಅವರು ಕೇಳಿಕೊಂಡಿದ್ದರು. ಲಿಫ್ಟ್ ಮಾಮ ಒಪ್ಪಿದ್ದರು. ಕೆಳಗಿನ ಮೋಟಾರು ಕೋಣೆಗೆ ಅವರು ಎಷ್ಟು ಸಲ ಬಂದಿದ್ದರೋ ಲೆಕ್ಕವಿಲ್ಲ. ಆದರೆ ಈ ಹಾಲಿನ ಒಳಗೆ ಕಾಲಿಟ್ಟದ್ದು ಇದು ಎರಡನೆಯ ಸಲವೋ ಮೂರನೆಯ ಸಲವೋ ಇರಬೇಕು.

ಕುರ್ಚಿಗಳು ಸಾಲದೆ ಹುಡುಗಿಯರು ನೆಲದ ಮೇಲೆ ಕೂತರು. ಪಿಯಾನೋ ಮಾಸ್ತರರು ಬಂದು ಲಿಫ್ಟ್ ಮಾಮನ ಪಕ್ಕ ಕೂತರು. ಮೇಡಂ ಜೊತೆ ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ.

"ಒಂದು ದಿನವೂ ನನ್ನ ಹೊಗಳಲಿಲ್ಲ ನೋಡಿ," ಎಂದರು ಮಾಸ್ತರರು. "ಚೆನ್ನಾಗಿ ನುಡಿಸಿದ್ರೆ 'ಮುಂದೆ' ಅನ್ನೋರು. ಕೆಟ್ಟದಾಗಿ ನುಡಿಸಿದ್ರೆ 'ಮತ್ತೆ' ಅನ್ನೋರು. ಅಷ್ಟೇ."

"ನನಗೆ ಅದೂ ಇರಲಿಲ್ಲ," ಎಂದರು ಲಿಫ್ಟ್ ಮಾಮ. "ಮನೇಲಿ ಕೆಲಸದ ಮಾತೇ ಇಲ್ಲ."

"ಯಾಕೆ?"

"ನಾನೇ ಬೇಡ ಅಂದಿದ್ದೆ."

*

ಲಿಫ್ಟ್ ಮಾಮನಿಗೂ ಹೆಂಡತಿಗೂ ಪರಿಚಯವಾದದ್ದು ಕೆಟ್ಟು ನಿಂತ ಲಿಫ್ಟಿನಲ್ಲಿ. ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಸಿಕ್ಕಿಕೊಂಡ ಹೆಣ್ಣುಮಗಳೊಬ್ಬಳು ಕಿರುಚಲೂ ಇಲ್ಲ, ಗಂಟೆ ಒತ್ತಲೂ ಇಲ್ಲ. ಮೇಲಿನಿಂದ ಟಾರ್ಚು ಬಿಟ್ಟು ನೋಡಿದಾಗ ನೆಲದ ಮೇಲೆ ಆರಾಮಾಗಿ ಕೂತಿದ್ದಳು. "ಇನ್ನು ಹತ್ತು ನಿಮಿಷ ಬಿಟ್ಟು ತೆಗೀರಿ. ಇಷ್ಟು ಸದ್ದಿಲ್ಲದ ಜಾಗ ನನಗೆ ಎಲ್ಲೂ ಸಿಕ್ಕಿಲ್ಲ," ಎಂದಳು. ಅವರು ನಿಜಕ್ಕೂ ಹತ್ತು ನಿಮಿಷ ಕಾದರು. ಮದುವೆಯಾಗಲು ಅಷ್ಟು ಸಾಕಾಯಿತು.

ಅವಳ ಕೆಲಸ ಹಳೆಯ ಬ್ಯಾಲೆಗಳನ್ನು ಹೊಸದಾಗಿ ಕಟ್ಟುವುದು. ಸಂಗೀತ ಹಳೆಯದೇ, ಕತೆಯ ಎಲುಬೂ ಹಳೆಯದೇ. ಆದರೆ ಆ ಕತೆಗಳಲ್ಲಿ ಹುಡುಗಿಯರು ಕೊನೆಗೆ ಸಾಯುತ್ತಿದ್ದರು: ಮೋಸಹೋಗಿ ಎದೆಯೊಡೆದು, ಇಲ್ಲವೇ ಶಾಪ ತಗುಲಿ. ಇವಳು ಅವರನ್ನು ಸಾಯಲು ಬಿಡುತ್ತಿರಲಿಲ್ಲ. ಮೊದಲ ಬ್ಯಾಲೆಯಲ್ಲಿ ಮೋಸಹೋದ ಮದುವಣಗಿತ್ತಿ ಹುಚ್ಚಾಗಿ ಬೀಳಬೇಕಾದ ಕಡೆ ಶೂ ಬಿಚ್ಚಿಟ್ಟು, ಬರಿಗಾಲಲ್ಲಿ ಅಮ್ಮನ ಮನೆಗೆ ನಡೆದುಬಿಟ್ಟಳು. ಅರ್ಧ ಸಭೆ ಚಪ್ಪಾಳೆ ತಟ್ಟಿತು, ಇನ್ನರ್ಧ ಸಭೆ ಎದ್ದುಹೋಯಿತು. 'ಬ್ಯಾಲೆಗೆ ಅಡುಗೆಮನೆಯ ವಾಸನೆ ಬಂದಿದೆ' ಎಂದು ಪತ್ರಿಕೆಯವನೊಬ್ಬ ಬರೆದ. ಅವಳು ಅದನ್ನು ಕತ್ತರಿಸಿ ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು. ಎಣ್ಣೆಯ ಜಿಡ್ಡಿಗೆ ಅಕ್ಷರ ಮಾಸುವವರೆಗೂ ಅದು ಅಲ್ಲೇ ಇತ್ತು.

"ಸಾಯಿಸೋದು ಸುಲಭ ಕಣ್ರೀ, ಪರದೆ ಬಿಟ್ರೆ ಆಯ್ತು. ಬದುಕಿಸಿದ್ರೆ ಮುಂದೇನು ಅಂತ ಯೋಚನೆ ಮಾಡ್ಬೇಕು," ಎನ್ನುತ್ತಿದ್ದಳು.

ಆ ಯೋಚನೆ ಊಟದ ಮೇಜಿಗೂ ಬರುತ್ತಿತ್ತು. ಅವಳ ಕಾಲು ಮೇಜಿನಡಿಯಲ್ಲಿ ತಾಳ ಹಾಕುತ್ತಿತ್ತು, ಕಣ್ಣು ಎಲ್ಲೋ ಇರುತ್ತಿತ್ತು. ಮದುವೆಯಾದ ಎರಡನೇ ವರ್ಷ ಒಂದು ಮಧ್ಯಾಹ್ನ ಅವರಿಗೆ ತಡೆಯಲಾಗಲಿಲ್ಲ. "ಊಟಕ್ಕಾದರೂ ನೀನೊಬ್ಬಳೇ ಬಾರೆ. ನಿನ್ನ ತಂಡದ ಆ ಇಪ್ಪತ್ತು ಜನಾನ ಬಾಗಿಲಾಚೆ ಬಿಟ್ಟು ಬಾ," ಎಂದುಬಿಟ್ಟರು. ಅವಳು ಅರೆಗಳಿಗೆ ಅವರ ಮುಖ ನೋಡಿ, ಆಮೇಲೆ ನಕ್ಕಳು. "ಆಯ್ತು, ಬಿಟ್ಟೆ," ಎಂದಳು.

ಬಿಟ್ಟೇಬಿಟ್ಟಳು. ಅದಾದ ಮೇಲೆ ಮೂವತ್ತೆಂಟು ವರ್ಷ ಮನೆಯಲ್ಲಿ ಒಂದು ಹೆಜ್ಜೆಯನ್ನೂ ಹಾಕಲಿಲ್ಲ, ಒಂದು ಬ್ಯಾಲೆಯ ಸುದ್ದಿಯನ್ನೂ ಎತ್ತಲಿಲ್ಲ. ತಾವು ಗೆದ್ದೆವೆಂದು ಅವರು ಮೊದಮೊದಲು ಹಿಗ್ಗಿದರು. ಆಮೇಲಾಮೇಲೆ, ಅವಳು ತಾಲೀಮಿಗೆ ಹೊರಟಾಗ, 'ಇವತ್ತು ಏನು ಕಟ್ತಿದೀಯ?' ಎಂದು ಕೇಳಬೇಕೆನಿಸುತ್ತಿತ್ತು. ಅವರೇ ಹಾಕಿದ ಬೀಗ, ಅವರೇ ತೆಗೆಯಬೇಕಿತ್ತು. ಇವತ್ತು ನಾಳೆ ಎನ್ನುತ್ತಿದ್ದರು. ಹೊಸ ಬ್ಯಾಲೆಯ ಮೊದಲ ಪ್ರದರ್ಶನಕ್ಕೆ ಪ್ರತಿಸಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತಿದ್ದರು. ದೀಪ ಆರಿದ ಕಾಲು ಗಂಟೆಗೆ ನಿದ್ದೆ ಬರುತ್ತಿತ್ತು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಕೆಲಸಕ್ಕೆ ಹೋಗುವ ಮನುಷ್ಯ, ಏನು ಮಾಡುತ್ತಾರೆ?

*

"ಮಾಮ," ಎಂದಳು ಕಡ್ಡಿ, ಅವರ ಕುರ್ಚಿಯ ಮುಂದೆ ನೆಲದ ಮೇಲೆ ಕೂರುತ್ತ. ತಂಡದ ಹಿರಿಯ ನರ್ತಕಿ ಅವಳು. ಹದಿನಾರರಲ್ಲಿ ಬಂದಾಗ ಮೇಡಂ ಇಟ್ಟ ಹೆಸರು, ನಲವತ್ತಾದರೂ ಬದಲಾಗಿರಲಿಲ್ಲ. "ಇವತ್ತು ಕೇಳೋ ಮಾತಲ್ಲ, ನನಗೆ ಗೊತ್ತು. ಆದರೆ ನಾಳೆ ಕೇಳಿದ್ರೆ ಉಪಯೋಗ ಇಲ್ಲ."

"ಕೇಳಮ್ಮ."

"'ಸೇತುವೆಯ ಹುಡುಗಿ' ಅರ್ಧಕ್ಕೆ ನಿಂತಿದೆ. ಹಳೇ ಬ್ಯಾಲೆಯಲ್ಲಿ ಆ ಹುಡುಗಿ ದೊಡ್ಡ ಮನೆಯ ಹುಡುಗನಿಗೋಸ್ಕರ ಸೇತುವೆ ಹತ್ತಿರ ಕಾಯ್ತಾಳೆ. ಅವನ ಮದುವೆ ಸುದ್ದಿ ಬಂದ ದಿನ ನದಿಗೆ ಹಾರ್ತಾಳೆ. ಮೇಡಂ ಕಟ್ಟಿದ್ರಲ್ಲಿ ಅವಳು ಹಾರೋದಿಲ್ಲ. ಅಲ್ಲೇ ಸೇತುವೆ ಕಾಯೋ ಕೆಲಸಕ್ಕೆ ಸೇರ್ಕೋತಾಳೆ, ಮುದುಕಿ ಆಗ್ತಾಳೆ. ಅವನೂ ಮುದುಕನಾಗಿ ವಾಪಸ್ಸು ಬರ್ತಾನೆ. ಅಲ್ಲಿವರೆಗೆ ಕಟ್ಟಿದ್ರು. ಅಲ್ಲಿಂದ ಮುಂದೆ ಹನ್ನೊಂದು ನಿಮಿಷ ಸಂಗೀತ ಇದೆ. ಹೆಜ್ಜೆ ಇಲ್ಲ."

"ನಾಳೆ ಬೆಳಗ್ಗೆ ಥಿಯೇಟರಿನವರಿಗೆ ಉತ್ತರ ಕೊಡಬೇಕು," ಎಂದರು ಮಾಸ್ತರರು. "ಹೊಸ ಕೊನೆ ಇಲ್ಲದಿದ್ರೆ ಹಳೇ ಕೊನೇನೇ ಹಾಕಿ, ಹೇಗೂ ಜನಕ್ಕೆ ಗೊತ್ತಿರೋದೇ ಅಂತಿದಾರೆ."

"ಅಂದ್ರೆ ನದಿಗೆ ಹಾರ್ತಾಳಾ?"

"ಹಾರ್ತಾಳೆ."

ಲಿಫ್ಟ್ ಮಾಮ ಪೆಟ್ಟಿಗೆಯ ಕಡೆ ನೋಡಿದರು.

"ಮಾತು ನಿಂತುಹೋಗಿತ್ತು ಅಂತ ಗೊತ್ತು," ಎಂದಳು ಕಡ್ಡಿ. "ಆದ್ರೂ ಲಕ್ವಾ ಹೊಡೆದು ಮಲಗಿದ್ದ ಆ ಮೂರು ವಾರದಲ್ಲಿ ಮೇಡಂ ಏನಾದ್ರೂ ಸನ್ನೆ ಮಾಡಿದ್ರಾ? ಒಂದು ಚೀಟಿ, ಒಂದು ಗೀಟು?"

"ಇಲ್ಲಮ್ಮ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಎಡಗೈ ಒಂದೇ ಇದ್ದದ್ದು. ಅದೂ ಸುಮ್ಮನೆ ನಡುಗ್ತಾ ಇತ್ತು."

"ಪಾಪ, ತುಂಬಾ ನಡುಗ್ತಿತ್ತು," ಎಂದಳು ನಾದಿನಿ. "ಭಾವ ಹಿಡ್ಕೊಂಡೇ ಕೂತಿರೋರು. ಊಟಕ್ಕೂ ಏಳ್ತಿರಲಿಲ್ಲ."

"ಹೇಗೆ ನಡುಗ್ತಿತ್ತು?" ಎಂದಳು ಕಡ್ಡಿ.

*

ಹೊದಿಕೆಯ ಮೇಲೆ ಆ ಕೈ ಮೊದಲ ದಿನವೇ ಅಲ್ಲಾಡತೊಡಗಿತ್ತು. ಯಂತ್ರ ಕೆಟ್ಟರೆ ಮೊದಲು ನೋಡಬೇಕು, ಮುಟ್ಟಬಾರದು ಎಂಬುದು ಲಿಫ್ಟ್ ಮಾಮನ ಕಸುಬು ಕಲಿಸಿದ ಪಾಠ. ಚಕ್ರದ ಹಲ್ಲು ಎಲ್ಲಿ ತಪ್ಪುತ್ತದೆ, ಎಷ್ಟು ಸುತ್ತಿಗೊಮ್ಮೆ ತಪ್ಪುತ್ತದೆ ಎಂದು ನೋಡಿ ನೋಡಿ ಕಣ್ಣಿಗೆ ಅದೇ ಅಭ್ಯಾಸ. ಹಾಗೆ ಮೂರು ದಿನ ಕುರ್ಚಿ ಎಳೆದುಕೊಂಡು ನೋಡಿದರು. ತೋರುಬೆರಳು, ನಡುಬೆರಳು. ಎರಡೇ. ಮುಂದೆ ಹೋಗುತ್ತವೆ, ನಿಲ್ಲುತ್ತವೆ, ಒಂದು ಬೆರಳು ಮಾತ್ರ ಮೇಲೇಳುತ್ತದೆ. ಮರುದಿನ ಮತ್ತೆ ಮೊದಲಿನಿಂದ ಅದೇ, ಆಮೇಲೆ ಇನ್ನಷ್ಟು.

ನಾಲ್ಕನೇ ದಿನ ಡಾಕ್ಟರಿಗೆ ಹೇಳಿದರು: "ಇದಕ್ಕೊಂದು ಕ್ರಮ ಇದೆ ಸಾರ್." ಇಂಥ ನಡುಕಕ್ಕೂ ಒಂದು ಲಯ ಇರುತ್ತದೆ ಎಂದು ಡಾಕ್ಟರು ಮಾತ್ರೆ ಬರೆದರು. ಮಾತ್ರೆಗೂ ಅದು ನಿಲ್ಲಲಿಲ್ಲ. ಆಗ ಅವರು ಎರಡೂ ಕೈಯಿಂದ ಆ ಕೈಯನ್ನು ಹಿಡಿದುಕೊಂಡರು. ಅವಳು ಎಳೆದುಕೊಂಡಳು. ನೋವಿರಬೇಕು ಎಂದು ಮತ್ತೆ ಹಿಡಿದರು. ಅವಳು ಅವರನ್ನೇ ದಿಟ್ಟಿಸಿ ನೋಡಿದಳು. ಮತ್ತೆ ಎಳೆದುಕೊಂಡಳು. ಮತ್ತೆ ಹಿಡಿದರು. ಹೀಗೆ ಎರಡು ದಿನ. ಆರನೇ ದಿನ ಬೆಳಗ್ಗೆ ಆ ಕೈ ಎಳೆದಾಡದೆ ಅವರ ಕೈಯೊಳಗೆ ಸುಮ್ಮನೆ ಉಳಿಯಿತು. ಅವಳಿಗೆ ನೆಮ್ಮದಿಯಾಯಿತು ಎಂದುಕೊಂಡರು.

ಅಷ್ಟೇ ಅಲ್ಲ. ಆ ಕೈ ಅಷ್ಟು ಹೊತ್ತು ಅವರೊಬ್ಬರದೇ ಆಗಿದ್ದುದು ಮದುವೆಯಾದ ಮೇಲೆ ಅದೇ ಮೊದಲು. ಅವರು ಹದಿನೈದು ದಿನ ಅದನ್ನು ಬಿಡಲಿಲ್ಲ.

*

ಲಿಫ್ಟ್ ಮಾಮ ತಮ್ಮ ತೊಡೆಯ ಮೇಲೆ ಎಡಗೈಯ ಎರಡು ಬೆರಳನ್ನು ನಿಲ್ಲಿಸಿದರು. ಎರಡು ಹೆಜ್ಜೆಯಷ್ಟು ಮುಂದೆ ತಂದರು, ನಿಲ್ಲಿಸಿದರು, ನಡುಬೆರಳನ್ನು ನಿಧಾನವಾಗಿ ಎತ್ತಿ, ಬದಿಗೆ ಸರಿಸಿ ಇಳಿಸಿದರು.

ಕಡ್ಡಿಯ ಬಾಯಿ ಅರೆ ತೆರೆಯಿತು. ನೆಲದ ಮೇಲೆ ಕೂತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಎದ್ದರು.

"ಇನ್ನೊಂದ್ಸಲ ಮಾಡಿ ಮಾಮ."

ಮಾಡಿದರು. ಕಡ್ಡಿ ಶೂ ಕಳಚಿ ಎದ್ದು, ಅವರ ಬೆರಳನ್ನೇ ನೋಡುತ್ತ, ಎರಡು ಹೆಜ್ಜೆ ಮುಂದೆ ಬಂದು, ನಿಂತು, ಒಂದು ಕಾಲನ್ನು ನಿಧಾನವಾಗಿ ಎತ್ತಿ, ಬದಿಗೆ ಸರಿಸಿ ಇಳಿಸಿದಳು.

"ಅದು ನಡುಕ ಅಲ್ಲ," ಎಂದಳು. "ಕಾಲು ದಣಿದಾಗ ನಾವೆಲ್ಲ ಹಾಗೇ ಮಾಡೋದು. ಎರಡು ಬೆರಳು, ಎರಡು ಕಾಲು. ಮೇಡಂ ನಮಗೆ ಕುರ್ಚಿಯಲ್ಲಿ ಕೂತೇ ಎಷ್ಟೋ ಬ್ಯಾಲೆ ಹೇಳ್ಕೊಟ್ಟಿದಾರೆ. ನಿಮಗೆ ಗೊತ್ತಿರಲಿಲ್ವಾ?"

ಅವರು ಇಲ್ಲವೆಂದು ತಲೆಯಾಡಿಸಿದರು. ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪಿಯಾನೋ ಮಾಸ್ತರರು ಎದ್ದುಹೋಗಿ ಮುಚ್ಚಳ ತೆರೆದರು. ಅವರ ಕೈ ಒಂದು ಸಲ ತಪ್ಪಿತು. "ಮತ್ತೆ," ಎಂದು ತಮಗೆ ತಾವೇ ಹೇಳಿಕೊಂಡು ಮೊದಲಿನಿಂದ ಹಿಡಿದರು. ಲಿಫ್ಟ್ ಮಾಮನ ಬೆರಳು ತೊಡೆಯ ಮೇಲೆ ನಡೆಯಿತು. ಅವರಿಗೆ ಸಂಗೀತ ಗೊತ್ತಿರಲಿಲ್ಲ, ಹೆಜ್ಜೆ ಗೊತ್ತಿರಲಿಲ್ಲ. ಮೂರು ದಿನ ನೋಡಿದ್ದು ಮಾತ್ರ ಗೊತ್ತಿತ್ತು, ಅದು ಒಂದು ಹಲ್ಲೂ ತಪ್ಪದಂತೆ ಗೊತ್ತಿತ್ತು. ಎಲ್ಲಿ ತಡೆದು ನಿಲ್ಲುತ್ತಿತ್ತು, ಎಲ್ಲಿ ಎರಡು ಸಲ ಒಂದೇ ಕಡೆ ಕುಕ್ಕುತ್ತಿತ್ತು, ಎಲ್ಲಿ ಅನುಮಾನಿಸಿ ಹಿಂದೆ ಬಂದು ಮತ್ತೆ ಹೊರಡುತ್ತಿತ್ತು, ಎಲ್ಲವೂ. ಕಡ್ಡಿ ಹಾಲಿನ ಉದ್ದಕ್ಕೂ ಆ ಬೆರಳುಗಳ ಹಿಂದೆ ಹೋದಳು.

"ನಾನೆಲ್ಲಿರಬೇಕು?" ಎಂದ ಒಂಟೆ. "ಮುದುಕ ನಾನು ತಾನೆ?"

"ಗಂಡಸು ಬಲಗೈ," ಎಂದಳು ಕಡ್ಡಿ ನಿಲ್ಲದೆ. "ಮೇಡಂ ಯಾವಾಗಲೂ ಗಂಡಸಿಗೆ ಬಲಗೈ ಇಡೋರು. ಅದು ಬಿದ್ದುಹೋಗಿತ್ತಲ್ಲ, ನೀನು ಸುಮ್ಮನೆ ನಿಂತಿರು."

ಒಂಟೆ ಕೈ ಇಳಿಬಿಟ್ಟು ನಿಂತ. ಕಡ್ಡಿ ಅವನ ಹತ್ತಿರ ಬಂದಳು, ಒಂದು ಗಳಿಗೆ ನಿಂತಳು. ಅವನನ್ನು ಸುತ್ತುಹಾಕಿ, ತಲೆ ತಗ್ಗಿಸದೆ, ಸೇತುವೆಯ ಆಚೆ ಬದಿಗೆ ನಡೆದಳು. ಅಲ್ಲಿ ತಿರುಗಿ ಅವನ ಕಡೆ ನಿಂತಳು. ಲಿಫ್ಟ್ ಮಾಮನ ಬೆರಳು ನಿಂತಿತು.

"ಮುಂದೆ?" ಎಂದರು ಮಾಸ್ತರರು, ನುಡಿಸುತ್ತಲೇ.

"ಇಷ್ಟೇ," ಎಂದರು ಲಿಫ್ಟ್ ಮಾಮ. "ಇಲ್ಲಿಂದ ಮುಂದೆ ನಾನು ಕೈ ಹಿಡಿದುಬಿಟ್ಟೆ."

ಪಿಯಾನೋ ನಿಂತಿತು. ಮಾಸ್ತರರು ಹಾಳೆ ತಿರುವಿ ನೋಡಿದರು. "ನಾಲ್ಕು ನಿಮಿಷ ಆಗಿದೆ. ಇನ್ನೂ ಏಳಿದೆ."

"ಅವಳಿಗೆ ಗೊತ್ತಿತ್ತು. ಪೂರ್ತಿ ಗೊತ್ತಿತ್ತು," ಎಂದರು ಲಿಫ್ಟ್ ಮಾಮ. ದನಿ ಒಡೆಯಲಿಲ್ಲ, ಸಣ್ಣದಾಯಿತು. "ನನಗೆ ಹೇಳ್ತಿದ್ದಳು. ಮನೆಯೊಳಗೆ ತರಬೇಡ ಅಂದಿದ್ದೆ ನಾನು. ಕೊನೆಗೆ ತಂದಳು. ನಾನು ಮತ್ತೆ ಬಾಯಿ ಮುಚ್ಚಿಸಿದೆ."

"ಹಾಗನ್ನಬೇಡಿ ಭಾವ," ಎಂದಳು ನಾದಿನಿ.

ಕಡ್ಡಿ ಬಂದು ಅವರ ಮುಂದೆ ಕೂತಳು. ಹಣೆಯ ಬೆವರು ಒರೆಸಿಕೊಂಡಳು. "ಅವಳು ಸೇತುವೆ ದಾಟಿದಾಳೆ ಮಾಮ. ನೋಡಿದ್ರಲ್ಲ? ನದಿ ಹಿಂದೆ ಉಳೀತು. ಇನ್ನು ಅವಳನ್ನ ಯಾರೂ ಮುಳುಗಿಸಕ್ಕಾಗಲ್ಲ. ನಾಳೆ ಅವರಿಗೆ ಅಷ್ಟು ಹೇಳಿದ್ರೆ ಸಾಕು."

"ಮತ್ತೆ ಉಳಿದ ಏಳು ನಿಮಿಷ?" ಎಂದರು ಲಿಫ್ಟ್ ಮಾಮ.

ಕಡ್ಡಿ ಅವರ ಕೈಗಳನ್ನೇ ನೋಡಿದಳು. ಕೆಳಗೆ ಗಾಡಿಯವನು ಹಾರನ್ ಮಾಡಿದ. ಹುಡುಗರು ಪೆಟ್ಟಿಗೆಯ ಸುತ್ತ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತರು, ಎತ್ತಲಿಲ್ಲ.

"ಹೇಗೆ ಹಿಡಿದಿದ್ರಿ?" ಎಂದಳು ಕಡ್ಡಿ. "ಮೇಲಿಂದಲೋ, ಕೆಳಗಿಂದಲೋ?"

"ಎರಡೂ ಕಡೆಯಿಂದ. ಹೀಗೆ." ಅವರು ಅವಳ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿದರು. ಆ ಕೈ ಬೆಚ್ಚಗಿತ್ತು.

ಕಡ್ಡಿ ಮೆಲ್ಲಗೆ ಎಳೆದುಕೊಂಡಳು.

ಅವರ ಬೆರಳುಗಳು ತಾವಾಗಿಯೇ ಬಿಗಿದವು. ಆಮೇಲೆ ಮೇಲಿದ್ದ ಕೈಯನ್ನು ತೆಗೆದರು. ಕೆಳಗಿನ ಬಲಗೈಯನ್ನು ಮೊಣಕಾಲ ಮೇಲೆ ಅಂಗಾತ ಬಿಚ್ಚಿಟ್ಟರು. ಹಗ್ಗ, ಗ್ರೀಸು, ಕಬ್ಬಿಣ ಉಜ್ಜಿ ಉಜ್ಜಿ ಗೆರೆಗಳೆಲ್ಲ ಕಪ್ಪಾಗಿದ್ದ ಅಗಲವಾದ ಅಂಗೈ. ಕಡ್ಡಿ ಅದರ ಅಂಚಿನಲ್ಲಿ ತನ್ನ ಎರಡು ಬೆರಳನ್ನು ನಿಲ್ಲಿಸಿ, "ಉಳಿದದ್ದು ಇಲ್ಲಿಂದ," ಎಂದಳು. ಕೆಳಗೆ ಹಾರನ್ ಮತ್ತೆ ಕೂಗಿತು. ಲಿಫ್ಟ್ ಮಾಮ ಕೈ ಅಲುಗಿಸದೆ, ಉಸಿರು ಹಿಡಿದು, ಆ ಬೆರಳು ಯಾವ ಕಡೆಗೆ ಹೊರಡುತ್ತದೆ ಎಂದು ನೋಡುತ್ತ ಕೂತರು.