ಸಿಸ್ಟರ್ ತೆಗೆಯದ ಕೈ

ಟೈಲರಮ್ಮನ ಬಾಯಿ ಎಂಥದ್ದೆಂದು ಬೀದಿಗೆಲ್ಲ ಗೊತ್ತಿತ್ತು; ಆ ಬೆಳಿಗ್ಗೆ ಆಸ್ಪತ್ರೆಗೂ ಗೊತ್ತಾಯಿತು. ಹೆರಿಗೆಗೆಂದು ಸೇರಿಸಿದ್ದ ಮಗಳ ಗರ್ಭದ ನೀರು ಒಡೆದದ್ದೇ ತಡ, ವಾರ್ಡಿನ ಸಿಸ್ಟರ್ ಬಂದು ನೋಡಿದಳು, ಗಂಟೆ ಒತ್ತಿದಳು, ಸೀದಾ ಮಂಚ ಹತ್ತಿ ಮಗಳ ಕಾಲ ಬಳಿ ಮಂಡಿಯೂರಿದಳು. ಅವಳ ಬಲಗೈ ಹೊದಿಕೆಯೊಳಗಿತ್ತು. ಇಬ್ಬರನ್ನೂ ಹೊತ್ತ ಗಾಲಿಮಂಚ ಆಪರೇಷನ್ ಕೋಣೆಯತ್ತ ಓಡಿತು.

"ಏಯ್, ಇಳಿಯೇ ಕೆಳಗೆ! ನೋವು ತಿಂತಿರೋಳ ಮಂಚ ಹತ್ತಿ ಕೂತಿದ್ದೀಯಲ್ಲ, ಬುದ್ಧಿ ನೆಟ್ಟಗಿದೆಯಾ ನಿಂಗೆ?" ಟೈಲರಮ್ಮ ಬರಿಗಾಲಲ್ಲೇ ಓಡಿ ಮಂಚಕ್ಕೆ ಅಡ್ಡ ಬಂದಳು.

"ದಾರಿ ಬಿಡಿ ಅಮ್ಮ," ಎಂದಳು ಸಿಸ್ಟರ್, ತಲೆ ಎತ್ತದೆ. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಟೈಲರಮ್ಮ ಆ ಸಿಸ್ಟರಿನ ಜನ್ಮ ಜಾಲಾಡಿದಳು. ಬೈಗುಳ ನಿಲ್ಲಿಸಿದರೆ ಅಳು ನುಗ್ಗುತ್ತದೆಂದು ಅವಳಿಗೆ ಗೊತ್ತಿತ್ತು.

"ಅತ್ತೆ, ಸ್ವಲ್ಪ ಸುಮ್ನಿರಿ," ಎಂದ ಅಳಿಯ.

"ನೀನು ಸುಮ್ನಿದ್ದೀಯಲ್ಲಪ್ಪ, ಸಾಲ್ದಾ?"

ಕೊನೆಗೆ ಡಾಕ್ಟರು ಹೊರಬಂದರು. "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ."

ಅಳಿಯ ಕೈ ಮುಗಿದ. ಡಾಕ್ಟರು ಟೈಲರಮ್ಮನತ್ತ ತಿರುಗಿದರು. "ಹೊಕ್ಕುಳಬಳ್ಳಿ ಮಗೂಗಿಂತ ಮೊದಲೇ ಜಾರಿತ್ತಮ್ಮ. ತಲೆ ಅದರ ಮೇಲೆ ಒತ್ತಿದ್ರೆ ಮಗು ಉಳೀತಿರಲಿಲ್ಲ. ಸಿಸ್ಟರ್ ಒಳಗೆ ಕೈಯಿಟ್ಟು ತಲೇನ ಮೇಲಕ್ಕೆ ತಳ್ಳಿ ಹಿಡಿದಿದ್ರು. ನಾವು ಹೊಟ್ಟೆ ಕೊಯ್ದು ಮಗೂನ ತೆಗೆಯೋವರೆಗೂ ಹಾಗೇ ಇದ್ರು. ಇಪ್ಪತ್ತೆರಡು ನಿಮಿಷ."

ಅಯ್ಯೋ ದೇವರೇ! ದಪ್ಪ ಬಟ್ಟೆಗೆ ಹತ್ತು ನಿಮಿಷ ಕತ್ತರಿ ಆಡಿಸಿದರೇ ಕೈ ಮರಗಟ್ಟುವುದು ಟೈಲರಮ್ಮನಿಗೆ ಗೊತ್ತಿಲ್ಲದ್ದೇ? ನಾಚಿಕೆಯಿಂದ ಅವಳು ಸೀದಾ ಸಿಸ್ಟರನ್ನು ಹುಡುಕಿಕೊಂಡು ಹೊರಟಳು.

ಸಿಸ್ಟರ್ ಔಷಧಿ ಕೋಣೆಯ ಸ್ಟೂಲಿನ ಮೇಲೆ ಕೂತಿದ್ದಳು. ಚಹಾದ ಲೋಟ ಎತ್ತಲು ಹೋದರೆ ಬಲಗೈ ಗಡಗಡ ನಡುಗಿ, ಚಹಾ ಮೇಜಿಗೆಲ್ಲ ಚೆಲ್ಲಿತು. ಮಗಳಿಗಿಂತ ಚಿಕ್ಕವಳೇ ಇರಬೇಕು.

"ಬಾಯಿಗೆ ಬಂದ ಹಾಗೆ ಬೈದೆನಲ್ಲೇ ತಾಯಿ ನಿನ್ನ!"

"ಕೇಳಿಸ್ಲೇ ಇಲ್ಲ ಅಮ್ಮ. ಬಳ್ಳಿ ಬಡ್ಕೊಳ್ಳೋದು ಬೆರಳಿಗೆ ಗೊತ್ತಾಗ್ತಿತ್ತು. ಅದೊಂದು ನಿಲ್ಲದಿದ್ರೆ ಸಾಕು ಅಂತಿದ್ದೆ."

ಟೈಲರಮ್ಮ ಆ ಕೈಯನ್ನು ತನ್ನ ಎರಡೂ ಅಂಗೈಗಳಲ್ಲಿ ತೆಗೆದುಕೊಂಡು, ಭುಜದಿಂದ ಬೆರಳಿನವರೆಗೆ ಮೆಲ್ಲಗೆ ನೀವಿದಳು. ತಡೆದಿಟ್ಟಿದ್ದ ಅಳು ಈಗ ಧಾರಾಳವಾಗಿ ಸುರಿಯಿತು.

"ಅಳಬೇಡಿ. ಮೊಮ್ಮಗಳನ್ನ ನೋಡಿದ್ರಾ?"

"ಇಲ್ಲ ಕಣೇ. ಮೊದಲು ನಿನ್ನ ನೋಡ್ಬೇಕು ಅನ್ನಿಸ್ತು," ಎಂದು ಟೈಲರಮ್ಮ ಲೋಟ ಎತ್ತಿ ಅವಳ ತುಟಿಗೆ ಹಿಡಿದಳು. "ಕುಡಿ, ನಿಧಾನಕ್ಕೆ."